ತರಬೇತಿಯ ಪ್ರಮಾಣಪತ್ರದಲ್ಲಿ ಕಲಿಸಿದವರ ಹೆಸರಿರಲಿ

ಶಾಲಾ ಶಿಕ್ಷಣದ ನೀತಿಯನ್ನು ರೂಪಿಸುವ, ಅನುದಾನವನ್ನು ಹಂಚುವ ಹಾಗೂ ಪಠ್ಯಕ್ರಮವನ್ನು ನಿರ್ಧರಿಸುವ ಎಲ್ಲ ಅಧಿಕಾರಸ್ಥರಿಗೆ,

ವಿಷಯ: ಸ್ಥಳೀಯ ಉದ್ಯೋಗಗಳಿಗಾಗಿ ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ನೀಡುವ ತರಬೇತಿಯ ಕುರಿತು

ಮಾನ್ಯರೇ,

ನಾನು ಪ್ರೌಢಶಾಲೆಯಲ್ಲಿ ಬಹುಕಾಲ ಭೌತವಿಜ್ಞಾನ ಕಲಿಸಿ ನಿವೃತ್ತನಾದವನು. ಸೇವೆಯ ಕೊನೆಯ ಕೆಲವು ವರ್ಷಗಳಲ್ಲಿ ವಿದ್ಯಾರ್ಥಿಗಳನ್ನು ಸುತ್ತಮುತ್ತಲಿನ ಕೆಲಸದ ಸ್ಥಳಗಳಿಗೆ ತರಬೇತಿಗೆಂದು ಕಳುಹಿಸುವ ಜವಾಬ್ದಾರಿಯೂ ನನ್ನ ಪಾಲಿಗೆ ಬಂದಿತ್ತು. ಆದ್ದರಿಂದ ಈ ಪತ್ರವನ್ನು ಒಂದು ತಪ್ಪೊಪ್ಪಿಗೆಯಿಂದಲೇ ಆರಂಭಿಸುವುದು ನ್ಯಾಯವೆಂದು ತೋರುತ್ತದೆ. ಒಂದು ವರ್ಷ ನಮ್ಮ ಶಾಲೆಯಿಂದ ಹದಿನೈದು ದಿನಗಳ ತರಬೇತಿಗೆ ಹೋದ ಆರು ಹುಡುಗರು ಆ ಹದಿನೈದು ದಿನಗಳನ್ನೂ ಒಂದು ಗೋದಾಮಿನಲ್ಲಿ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಮಡಿಸಿ ಜೋಡಿಸುವುದರಲ್ಲಿ ಕಳೆದರು. ಅವರು ಕಲಿಯಬೇಕಾಗಿದ್ದುದು ದಾಸ್ತಾನು ಲೆಕ್ಕ, ಬಿಲ್ಲು ಮತ್ತು ಸರಕು ರವಾನೆಯ ಕ್ರಮ. ಅದು ನನಗೆ ಗೊತ್ತಾದಾಗ ಹದಿಮೂರನೆಯ ದಿನವಾಗಿತ್ತು. ಆದರೂ ಕೊನೆಯ ದಿನ ಆರೂ ಪ್ರಮಾಣಪತ್ರಗಳಿಗೆ ನಾನು ಸಹಿ ಹಾಕಿದೆ, ಏಕೆಂದರೆ ಸಹಿ ಇಲ್ಲದಿದ್ದರೆ ಅವರ ಆಂತರಿಕ ಅಂಕಗಳು ನಿಲ್ಲುತ್ತಿದ್ದವು. ಪ್ರಮಾಣಪತ್ರದಲ್ಲಿ ವಿದ್ಯಾರ್ಥಿಯ ಹೆಸರು, ಸಂಸ್ಥೆಯ ಮೊಹರು, ಹಾಜರಿಯ ದಿನಗಳ ಸಂಖ್ಯೆ, ಮುಖ್ಯೋಪಾಧ್ಯಾಯರ ಸಹಿ, ಹೀಗೆ ಎಲ್ಲಕ್ಕೂ ಜಾಗವಿತ್ತು. ಯಾರು ಕಲಿಸಿದರು ಮತ್ತು ಹುಡುಗ ಏನು ಕಲಿತ ಎಂಬ ಎರಡು ಪ್ರಶ್ನೆಗಳಿಗೆ ಮಾತ್ರ ಅದರಲ್ಲಿ ಜಾಗವಿರಲಿಲ್ಲ.

ಮರುವರ್ಷದ ಒಂದು ಮಧ್ಯಾಹ್ನವನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಈ ವಿಷಯದಲ್ಲಿ ನನಗಿರುವ ಅಲ್ಪಸ್ವಲ್ಪ ತಿಳಿವಳಿಕೆ ಬಂದದ್ದು ಆ ಮಧ್ಯಾಹ್ನದಿಂದಲೇ. ಹತ್ತನೆಯ ತರಗತಿಯ ಒಬ್ಬಳು ವಿದ್ಯಾರ್ಥಿನಿ ಲೇತ್ ಯಂತ್ರಗಳಿರುವ ಒಂದು ಸಣ್ಣ ಕಾರ್ಯಾಗಾರಕ್ಕೆ ಹೋಗುತ್ತಿದ್ದಳು. ಅವಳನ್ನು ನೋಡಿಬರಲು ನಾನು ಹೋದ ದಿನ ಅಲ್ಲಿನ ಮೇಸ್ತ್ರಿ ಅವಳ ಕೈಗೆ ಒಂದು ಶಾಫ್ಟನ್ನೂ (ಯಂತ್ರದ ತಿರುಗುವ ದಂಡ) ಒಂದು ಬುಷ್ಷನ್ನೂ (ದಂಡ ಕೂರುವ ಟೊಳ್ಳು ಕೊಳವೆ) ಕೊಟ್ಟು, ಇದು ಅದರೊಳಗೆ ಕೂರುತ್ತದೆಯೇ ಹೇಳು ಎಂದರು. ವರ್ನಿಯರ್ ಕ್ಯಾಲಿಪರ್ ಹಿಡಿಯುವುದನ್ನು ಅವಳಿಗೆ ಕಲಿಸಿದವನು ನಾನೇ. 0.02 ಮಿಲಿಮೀಟರ್ ಕನಿಷ್ಠ ಅಳತೆ, ಮುಖ್ಯ ಮಾಪಕದ ಓದು, ಹೊಂದಿಕೆಯಾಗುವ ಗೆರೆ, ಮೂರು ಸಲ ಅಳೆದು ಸರಾಸರಿ, ಇಷ್ಟನ್ನೂ ಅವಳು ಪರೀಕ್ಷೆಯಲ್ಲಿ ಬರೆದು ಪೂರ್ಣಾಂಕ ಪಡೆದಿದ್ದಳು. ಅಲ್ಲಿಯೂ ಹಾಗೆಯೇ ಶಾಫ್ಟಿನ ಮೂರು ಕಡೆ ಅಳೆದು, ಸರಾಸರಿ ತೆಗೆದು, ಕೂರುತ್ತದೆ ಎಂದಳು. ಮೇಸ್ತ್ರಿ ಶಾಫ್ಟನ್ನು ತೂರಿಸಿ ತೋರಿಸಿದರು. ಅದು ಅರ್ಧ ಹೋಗಿ ನಿಂತಿತು. "ಸರಾಸರಿ ನಿಮ್ಮ ಪರೀಕ್ಷೆಗಮ್ಮ, ಬುಷ್ಷಿಗೆ ದಪ್ಪ ಇರುವ ಕಡೆಯ ಅಳತೆ ಬೇಕು" ಎಂದು ನಕ್ಕು, ಬೇರಿಂಗ್ ಕೂತು ಸವೆದಿದ್ದ ಭಾಗ ಯಾವುದು, ಸವೆಯದೆ ಉಳಿದ ಭಾಗ ಯಾವುದು ಎಂಬುದನ್ನು ಬೆರಳಿನಿಂದ ಸವರಿ ಗುರುತಿಸುವಂತೆ ಮಾಡಿದರು. ದಪ್ಪನೆಯ ಕಡೆ ಬಿಗಿಯಾಗುತ್ತದೆ, ಸವೆದ ಕಡೆ ಅಲುಗಾಡುತ್ತದೆ, ಶಾಫ್ಟಿಗೂ ಬುಷ್ಷಿಗೂ ನಡುವೆ ಎಷ್ಟು ಅಂತರ ಬಿಡಬೇಕೆಂಬುದು ಆ ಶಾಫ್ಟ್ ಮಾಡಬೇಕಾದ ಕೆಲಸವನ್ನು ಅವಲಂಬಿಸಿದೆ ಎಂದು ನಲವತ್ತು ನಿಮಿಷ ವಿವರಿಸಿದರು. ಅಳತೆಯ ದೋಷ ಎಂಬ ಪಾಠವನ್ನು ಅಷ್ಟು ವರ್ಷ ಹೇಳಿಕೊಟ್ಟಿದ್ದ ನನಗೂ ಅದು ಕಲಿಕೆಯೇ ಆಗಿತ್ತು.

ಆದರೆ ಮರುದಿನ ಆ ಮೇಸ್ತ್ರಿಗೆ ಪುರುಸೊತ್ತು ಇರಲಿಲ್ಲ, ಅದರ ಮರುದಿನವೂ ಇರಲಿಲ್ಲ. ಹಿಂದಿನ ದಿನ ಹೋದ ನಲವತ್ತು ನಿಮಿಷಗಳಲ್ಲಿ ಅವರು ಮುಗಿಸಬೇಕಾಗಿದ್ದ ಕೆಲಸ ಬಾಕಿ ಉಳಿದಿತ್ತು, ಮಾಲೀಕರು ಅದನ್ನು ಕೇಳಿದ್ದರು. ಮಾಲೀಕರನ್ನು ನಾನು ದೂರಲಾರೆ. ಆ ನಲವತ್ತು ನಿಮಿಷಗಳ ಬೆಲೆಯನ್ನು ಸರ್ಕಾರವಾಗಲಿ, ಶಾಲೆಯಾಗಲಿ ಕೊಟ್ಟಿರಲಿಲ್ಲ. ನಾವು ಸುತ್ತೋಲೆ ಬರೆದೆವು, ಒಡಂಬಡಿಕೆಗೆ ಸಹಿ ಮಾಡಿದೆವು, ವಿದ್ಯಾರ್ಥಿನಿಗೆ ಗುರುತಿನ ಚೀಟಿ ಕೊಟ್ಟೆವು, ಆದರೆ ಕಲಿಸುವವರ ಸಮಯಕ್ಕೆ ಯಾವ ಲೆಕ್ಕಶೀರ್ಷಿಕೆಯನ್ನೂ ತೆರೆಯಲಿಲ್ಲ. ಶಾಲೆಯಲ್ಲಿ ಉದ್ಯೋಗ ತರಬೇತಿ ಬೇಕೇ ಬೇಡವೇ ಎಂಬ ಚರ್ಚೆ ಬಹುಮಟ್ಟಿಗೆ ಮುಗಿದಿದೆ. ಕೆಲಸ ಬಲ್ಲವರ ಸಮಯಕ್ಕೆ ಹಣ ತೆಗೆದಿಡದ ಯಾವ ಯೋಜನೆಯನ್ನೂ ತರಬೇತಿ ಎಂದು ಕರೆಯಬಾರದು ಎಂಬುದೇ ತಮ್ಮ ಮುಂದೆ ನಾನು ಇಡುತ್ತಿರುವ ಮಾತು.

ಇದು ಅಸಾಧ್ಯದ ಬೇಡಿಕೆಯಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಕಡ್ಡಾಯ ಶಿಕ್ಷಣ ಮುಗಿಸಿದ ಹದಿಹರೆಯದವರಲ್ಲಿ ಸುಮಾರು ಮೂರನೇ ಎರಡರಷ್ಟು ಮಂದಿ ವೃತ್ತಿ ಶಿಕ್ಷಣಕ್ಕೆ ಸೇರುತ್ತಾರೆ. ಅವರಲ್ಲಿ ಹೆಚ್ಚಿನವರು ವಾರದಲ್ಲಿ ಮೂರು ನಾಲ್ಕು ದಿನ ಕೆಲಸದ ಸ್ಥಳದಲ್ಲಿದ್ದು, ಒಂದೆರಡು ದಿನ ತರಗತಿಯಲ್ಲಿರುತ್ತಾರೆ. ಹೊರಗಿನವರು ಸಾಮಾನ್ಯವಾಗಿ ಕೊಂಡಾಡುವುದು ಈ ವೇಳಾಪಟ್ಟಿಯನ್ನು. ಅದಕ್ಕಿಂತ ಮುಖ್ಯವಾದ ಒಂದು ಸಣ್ಣ ನಿಯಮ ಕಣ್ಣಿಗೆ ಬೀಳುವುದಿಲ್ಲ: ಅಲ್ಲಿ ಶಿಶಿಕ್ಷುವಿಗೆ, ಅಂದರೆ ಕೆಲಸದ ಸ್ಥಳದಲ್ಲಿದ್ದು ಕಸುಬು ಕಲಿಯುವ ಅಪ್ರೆಂಟಿಸ್‌ಗೆ, ಕಲಿಸುವ ಹೊಣೆ ಹೊರುವ ನೌಕರ, ತನ್ನ ಕಸುಬಿನಲ್ಲಿ ಎಷ್ಟೇ ನುರಿತವನಾಗಿದ್ದರೂ, ಕಲಿಸುವುದು ಹೇಗೆಂಬುದರ ಬಗ್ಗೆ 40 ಗಂಟೆಗಳ ಪ್ರತ್ಯೇಕ ತರಬೇತಿ ಪಡೆದಿರಬೇಕು. ಜರ್ಮನಿಯಲ್ಲಿ 1969ರ ವೃತ್ತಿ ತರಬೇತಿ ಕಾಯ್ದೆಯಡಿ ಪ್ರತಿಯೊಂದು ಕಸುಬಿಗೂ ಏನನ್ನು ಕಲಿಸಬೇಕೆಂಬ ವಿಧಿಬದ್ಧ ಪಟ್ಟಿಯಿದೆ. ಶಿಶಿಕ್ಷು ತಾನು ಮಾಡಿದ ಕೆಲಸವನ್ನು ದಾಖಲೆ ಪುಸ್ತಕದಲ್ಲಿ ಬರೆಯುತ್ತಾ ಹೋಗಬೇಕು, ಆ ಪುಸ್ತಕವಿಲ್ಲದಿದ್ದರೆ ಅಂತಿಮ ಪರೀಕ್ಷೆಗೆ ಕೂರಲು ಬಿಡುವುದಿಲ್ಲ. ಪೆಟ್ಟಿಗೆ ಮಡಿಸಿದ ನನ್ನ ಆರು ಹುಡುಗರು ಅಂಥ ಒಂದು ಪುಸ್ತಕ ಇಟ್ಟಿದ್ದರೆ, ದಿನವೂ ಒಂದೇ ವಾಕ್ಯವನ್ನು ಬರೆಯಬೇಕಾಗಿ ಬಂದು, ವಿಷಯ ನಾಲ್ಕನೆಯ ದಿನವೇ ಬಯಲಾಗುತ್ತಿತ್ತು.

ಸ್ವಿಸ್ ಮಾಲೀಕರು ದಾನಬುದ್ಧಿಯಿಂದ ಇದನ್ನೆಲ್ಲ ಮಾಡುತ್ತಾರೆಂದು ಯಾರೂ ಭಾವಿಸಬೇಕಾಗಿಲ್ಲ. ಅಲ್ಲಿನ ತರಬೇತಿ ಮೂರು ನಾಲ್ಕು ವರ್ಷಗಳದ್ದು. ಮೊದಲ ವರ್ಷ ಶಿಶಿಕ್ಷುವಿನಿಂದ ಸಂಸ್ಥೆಗೆ ನಷ್ಟವೇ, ಆದರೆ ಕೊನೆಯ ವರ್ಷಗಳಲ್ಲಿ ಅವನು ಹೆಚ್ಚುಕಡಿಮೆ ಪೂರ್ಣ ಕುಶಲಕರ್ಮಿಯಂತೆ ದುಡಿಯುವುದರಿಂದ ಸರಾಸರಿ ಲೆಕ್ಕದಲ್ಲಿ ಖರ್ಚು ಹುಟ್ಟಿಬರುತ್ತದೆ. ಹದಿನೈದು ದಿನಕ್ಕೋ ಎರಡು ತಿಂಗಳಿಗೋ ಬರುವ ಶಾಲಾ ವಿದ್ಯಾರ್ಥಿಯ ವಿಷಯದಲ್ಲಿ ಆ ಲೆಕ್ಕ ಎಂದಿಗೂ ಕೂಡುವುದಿಲ್ಲ. ಅವನು ಕೆಲಸಕ್ಕೆ ಬರುವಷ್ಟು ಕಲಿಯುವ ಹೊತ್ತಿಗೆ ಶಾಲೆಗೆ ಹಿಂತಿರುಗಿರುತ್ತಾನೆ. ಹೀಗಾಗಿ ಅಲ್ಪಾವಧಿಯ ತರಬೇತಿಯಲ್ಲಿ ಮಾಲೀಕನಿಗೆ ಲಾಭ ಬರುವ ದಾರಿ ಒಂದೇ, ಕಲಿಸದೆ ದುಡಿಸಿಕೊಳ್ಳುವುದು. ತಮ್ಮ ಯೋಜನೆಗಳು ಸಂಸ್ಥೆಗಳ ಸದ್ಭಾವನೆಯನ್ನು ನಂಬಿ ನಿಂತಿರುವಷ್ಟು ದಿನ ನನ್ನಂಥ ಶಿಕ್ಷಕರು ಸುಳ್ಳು ಪ್ರಮಾಣಪತ್ರಗಳಿಗೆ ಸಹಿ ಹಾಕುತ್ತಲೇ ಇರಬೇಕಾಗುತ್ತದೆ. ಮೇಸ್ತ್ರಿಗೆ ಗಂಟೆಯ ಲೆಕ್ಕದಲ್ಲಿ ಗೌರವಧನ ಕೊಡಿ ಅಥವಾ ಮಾಲೀಕರಿಗೆ ಆ ಗಂಟೆಗಳ ಸಂಬಳವನ್ನು ಭರ್ತಿ ಮಾಡಿಕೊಡಿ. ಯಾವ ಬಗೆಯಲ್ಲಾದರೂ ಸರಿ, ಆ ಹಣ ಶಿಕ್ಷಣದ ಆಯವ್ಯಯದಲ್ಲಿ ಶಿಕ್ಷಕರ ವೇತನದ ಪಕ್ಕದಲ್ಲಿಯೇ ಕಾಣಿಸಬೇಕು, ಏಕೆಂದರೆ ಅದು ಶಿಕ್ಷಕರ ವೇತನವೇ.

ಕೆಲವು ದಿನಗಳ ಭೇಟಿಗೂ ತನ್ನದೇ ಆದ ಬೆಲೆಯಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಜಪಾನಿನ ಹ್ಯೋಗೊ ಪ್ರಾಂತ್ಯದಲ್ಲಿ 1998ರಿಂದ ಎಂಟನೆಯ ತರಗತಿಗೆ ಸಮಾನವಾದ ವರ್ಷದಲ್ಲಿರುವ ಮಕ್ಕಳು ಐದು ದಿನ ತರಗತಿ ಬಿಟ್ಟು ಊರಿನ ಅಂಗಡಿ, ಆಸ್ಪತ್ರೆ, ಅಗ್ನಿಶಾಮಕ ಠಾಣೆಗಳಂಥ ಕಡೆ ಕಳೆಯುತ್ತಾರೆ. ಐರ್ಲೆಂಡಿನಲ್ಲಿ 1974ರಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಪರಿವರ್ತನಾ ವರ್ಷದಲ್ಲಿಯೂ ಕೆಲಸದ ಅನುಭವಕ್ಕೆ ಸ್ಥಾನವಿದೆ. ಭಾರತದ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳು ಸ್ಥಳೀಯ ಕುಶಲಕರ್ಮಿಗಳ ಬಳಿ ಹತ್ತು ದಿನ ಚೀಲವಿಲ್ಲದೆ ಕಲಿಯಬೇಕೆಂದು ಹೇಳಿದೆ. ಇವೆಲ್ಲ ಪರಿಚಯಗಳು. ಪರಿಚಯವನ್ನು ಪರಿಚಯವೆಂದೇ ಕರೆದರೆ ಯಾರಿಗೂ ಮೋಸವಿಲ್ಲ. ಅದರ ಕೊನೆಯಲ್ಲಿ ಕೌಶಲದ ಪ್ರಮಾಣಪತ್ರ ಕೊಟ್ಟಾಗ ಮಾತ್ರ ಮಗುವಿಗೂ, ಮುಂದೆ ಆ ಪತ್ರವನ್ನು ನಂಬಿ ಕೆಲಸ ಕೊಡುವವರಿಗೂ ಮೋಸವಾಗುತ್ತದೆ.

ಇನ್ನು ಸ್ಥಳೀಯ ಎಂಬ ಮಾತಿಗೆ ಬರುತ್ತೇನೆ. ಯಾವ ಪ್ರದೇಶದಲ್ಲಿ ಯಾವ ಉದ್ಯೋಗಗಳಿವೆ ಎಂಬುದನ್ನು ನಿರ್ಧರಿಸುವಾಗ ಸಾಮಾನ್ಯವಾಗಿ ಅಲ್ಲಿರುವ ಅತಿದೊಡ್ಡ ಕಾರ್ಖಾನೆಯನ್ನೋ, ಹೊಸದಾಗಿ ಬರಲಿರುವ ಉದ್ಯಮವನ್ನೋ ನೋಡಿ ಪಠ್ಯ ಬರೆಯಲಾಗುತ್ತದೆ. ಜನರು ನಿಜವಾಗಿ ದುಡಿಯುತ್ತಿರುವ ಜಾಗಗಳು ಇಷ್ಟು ಸುಲಭವಾಗಿ ಕಾಣುವುದಿಲ್ಲ. ನೀರು ಸರಬರಾಜಿನ ಪಂಪುಗಳನ್ನು ಯಾರೋ ದುರಸ್ತಿ ಮಾಡುತ್ತಾರೆ, ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಕ್ತದ ಮಾದರಿಗೆ ಯಾರೋ ಚೀಟಿ ಅಂಟಿಸುತ್ತಾರೆ, ವೃದ್ಧರನ್ನು ಹಾಸಿಗೆಯಿಂದ ಎಬ್ಬಿಸಿ ಕೂರಿಸುತ್ತಾರೆ, ಸಹಕಾರ ಸಂಘದ ಲೆಕ್ಕ ಬರೆಯುತ್ತಾರೆ, ಕಟ್ಟಡಕ್ಕೆ ವೈರಿಂಗ್ ಎಳೆಯುತ್ತಾರೆ. ಶಾಲೆಯಿಂದ ದಿನವೂ ಹೋಗಿಬರಬಹುದಾದ ದೂರದೊಳಗೆ ಇಂಥ ಕೆಲಸಗಳು ಎಷ್ಟಿವೆ, ಮುಂದಿನ ಹತ್ತು ವರ್ಷಗಳಲ್ಲಿ ಅವುಗಳಿಂದ ಎಷ್ಟು ಮಂದಿ ನಿವೃತ್ತರಾಗುತ್ತಾರೆ ಎಂಬುದನ್ನು ಎಣಿಸಿ ಪಟ್ಟಿ ಮಾಡುವುದು ಕಷ್ಟದ ಕೆಲಸವಲ್ಲ, ಬೇಸರದ ಕೆಲಸ, ಅಷ್ಟೇ. ಇವುಗಳಲ್ಲಿ ಅನೇಕ ಜಾಗಗಳು ಸರ್ಕಾರದ ಕೈಯಲ್ಲಿಯೇ ಇವೆ ಎಂಬುದನ್ನೂ ಗಮನಿಸಬೇಕು. ಖಾಸಗಿಯವರು ಮುಂದೆ ಬರುವುದಿಲ್ಲವೆಂದು ದೂರುವ ಮೊದಲು, ತಮ್ಮದೇ ಆಸ್ಪತ್ರೆಗಳು, ಸಾರಿಗೆ ಡಿಪೋಗಳು, ಜಲಮಂಡಳಿಗಳು ಎಷ್ಟು ವಿದ್ಯಾರ್ಥಿಗಳಿಗೆ ಬಾಗಿಲು ತೆರೆದಿವೆ ಎಂಬ ಲೆಕ್ಕವನ್ನು ತಾವು ಪ್ರಕಟಿಸುವುದು ಒಳ್ಳೆಯದು.

ಸ್ಥಳೀಯ ಎಂಬ ಪದದೊಳಗೆ ಒಂದು ಅಪಾಯವೂ ಇದೆ, ಅದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯಲು ಅನುಮತಿ ಕೋರುತ್ತೇನೆ. 1953ರಲ್ಲಿ ಮದ್ರಾಸ್ ರಾಜ್ಯದ ಮುಖ್ಯಮಂತ್ರಿಯಾಗಿದ್ದ ಸಿ. ರಾಜಗೋಪಾಲಾಚಾರಿಯವರು ಪ್ರಾಥಮಿಕ ಶಾಲೆಯ ತರಗತಿ ಸಮಯವನ್ನು ದಿನಕ್ಕೆ ಮೂರು ಗಂಟೆಗೆ ಇಳಿಸಿ, ಉಳಿದ ಹೊತ್ತಿನಲ್ಲಿ ಮಕ್ಕಳು ತಂದೆತಾಯಿಯ ಕಸುಬನ್ನು ಕಲಿಯಲಿ ಎಂಬ ಯೋಜನೆಯನ್ನು ತಂದರು. ಶಾಲೆಗಳ ಕೊರತೆಯನ್ನು ನೀಗಿಸುವುದು ಅದರ ಉದ್ದೇಶಗಳಲ್ಲಿ ಒಂದಾಗಿತ್ತು, ಆದರೆ ಜನ ಅದನ್ನು ಕುಲಕಸುಬಿನ ಶಿಕ್ಷಣವೆಂದು ಸರಿಯಾಗಿಯೇ ಗುರುತಿಸಿ ವಿರೋಧಿಸಿದರು. ಮರುವರ್ಷ ಅವರು ಅಧಿಕಾರದಿಂದ ಇಳಿದ ಮೇಲೆ ಯೋಜನೆಯನ್ನು ಕೈಬಿಡಲಾಯಿತು. ಮಗುವಿಗೆ ಕಸುಬು ಕಲಿಸುವುದರಲ್ಲಿ ಅವಮಾನವೇನಿಲ್ಲ. ಯಾವ ಮಗು ಯಾವ ಕಸುಬು ಕಲಿಯಬೇಕೆಂಬುದು ಹುಟ್ಟಿನಿಂದಲೇ ತೀರ್ಮಾನವಾಗಿಬಿಡುವುದು ಅವಮಾನ. ಇಂದು ಹಾಗೆಂದು ಬಾಯಿಬಿಟ್ಟು ಹೇಳುವ ಆದೇಶ ಎಲ್ಲಿಯೂ ಇರಲಾರದು. ಆದರೆ ಬಡವರ ಮಕ್ಕಳಿರುವ ಶಾಲೆಗೆ ಕಾರ್ಯಾಗಾರವನ್ನೂ ಉಳ್ಳವರ ಮಕ್ಕಳಿರುವ ಶಾಲೆಗೆ ಪ್ರವೇಶ ಪರೀಕ್ಷೆಯ ತರಬೇತಿಯನ್ನೂ ಕೊಟ್ಟರೆ, ಹುಡುಗಿಯರನ್ನು ಹೊಲಿಗೆಗೂ ಹುಡುಗರನ್ನು ಯಂತ್ರಕ್ಕೂ ಸಾಲು ಹಚ್ಚಿದರೆ, ಆದೇಶವಿಲ್ಲದೆಯೇ ಅದೇ ಫಲ ಬರುತ್ತದೆ. ಲೇತ್ ಕಾರ್ಯಾಗಾರಕ್ಕೆ ಹೋದ ನನ್ನ ವಿದ್ಯಾರ್ಥಿನಿಯನ್ನು ಅಲ್ಲಿಗೆ ಕಳುಹಿಸುವುದಕ್ಕೆ ಮೊದಲು ಹೇಳಿದ್ದು ನಾನಲ್ಲ, ಅವಳೇ ಕೇಳಿದಳು. ಅದನ್ನು ಒಪ್ಪಲು ನನಗೇ ಎರಡು ದಿನ ಬೇಕಾಯಿತು.

ಇನ್ನೊಂದು ಬಗೆಯ ಅಪಾಯವೂ ಇದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಎರಿಕ್ ಹನುಷೆಕ್ ಮತ್ತು ಅವರ ಸಹ ಸಂಶೋಧಕರು ಹಲವು ದೇಶಗಳ ಮಾಹಿತಿಯನ್ನು ಹೋಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವೃತ್ತಿ ಶಿಕ್ಷಣ ಪಡೆದವರಿಗೆ ಯೌವನದಲ್ಲಿ ಕೆಲಸ ಬೇಗ ಸಿಗುತ್ತದೆ, ಆದರೆ ವಯಸ್ಸಾದಂತೆ, ತಂತ್ರಜ್ಞಾನ ಬದಲಾದಂತೆ, ಸಾಮಾನ್ಯ ಶಿಕ್ಷಣ ಪಡೆದವರಿಗಿಂತ ಅವರು ಕೆಲಸ ಕಳೆದುಕೊಳ್ಳುವ ಸಂಭವ ಹೆಚ್ಚಾಗುತ್ತದೆ. ಶಿಶಿಕ್ಷು ಪದ್ಧತಿ ಬಲವಾಗಿರುವ ದೇಶಗಳಲ್ಲಿಯೇ ಈ ವ್ಯತ್ಯಾಸ ಹೆಚ್ಚು ಸ್ಪಷ್ಟವಾಗಿ ಕಂಡಿತು. ಈ ಮಾತನ್ನು ಹಿಡಿದು ತರಬೇತಿಯೇ ಬೇಡವೆನ್ನುವವರಿದ್ದಾರೆ, ಅದು ಆತುರದ ತೀರ್ಮಾನ. ಒಂದೇ ಕಾರ್ಖಾನೆಯ ಒಂದೇ ಯಂತ್ರದ ಗುಂಡಿಗಳನ್ನು ಕಲಿತವನು ಆ ಕಾರ್ಖಾನೆ ಮುಚ್ಚಿದ ದಿನ ನಿಜಕ್ಕೂ ಬರಿಗೈಯವನಾಗುತ್ತಾನೆ. ಅಳತೆ, ನಕ್ಷೆ ಓದುವುದು, ವಿದ್ಯುತ್ ಮಂಡಲ, ಲೆಕ್ಕಪತ್ರ, ಸ್ಪಷ್ಟವಾಗಿ ವರದಿ ಬರೆಯುವುದು, ಇವುಗಳನ್ನು ಆ ಯಂತ್ರದ ನೆಪದಲ್ಲಿ ಕಲಿತವನು ಬೇರೆ ಕಡೆಗೆ ಹೋಗಬಲ್ಲ. ಆ ಮೇಸ್ತ್ರಿ ಕಲಿಸಿದ್ದು ಒಂದು ಬುಷ್ಷಿನ ವಿಷಯವಾದರೂ ನನ್ನ ವಿದ್ಯಾರ್ಥಿನಿ ಕಲಿತದ್ದು ಯಾವ ಅಳತೆಯನ್ನು ಯಾವುದಕ್ಕಾಗಿ ತೆಗೆಯಬೇಕು ಎಂಬುದನ್ನು. ಆದ್ದರಿಂದ ತರಬೇತಿಗೆ ಹೋಗುವ ವಿದ್ಯಾರ್ಥಿಯಿಂದ ಗಣಿತವನ್ನೂ ವಿಜ್ಞಾನವನ್ನೂ ಭಾಷೆಯನ್ನೂ ಕಿತ್ತುಕೊಳ್ಳುವ ಯಾವ ರಿಯಾಯಿತಿಯನ್ನೂ ದಯವಿಟ್ಟು ಕೊಡಬೇಡಿ. ಅದು ರಿಯಾಯಿತಿಯಂತೆ ಕಾಣುವ ಶಿಕ್ಷೆ.

ಮೇಲಿನ ಓದಿಗೆ ದಾರಿ ತೆರೆದಿರುವುದೂ ಅಷ್ಟೇ ಮುಖ್ಯ. ಸ್ವಿಟ್ಜರ್ಲೆಂಡಿನಲ್ಲಿ 1994ರಲ್ಲಿ ವೃತ್ತಿಪರ ಪ್ರೌಢ ಪದವಿ ಎನ್ನಬಹುದಾದ ಅರ್ಹತೆಯನ್ನು ಜಾರಿಗೆ ತಂದು, ಕಸುಬು ಕಲಿತವರು ಅನ್ವಯಿಕ ವಿಜ್ಞಾನಗಳ ವಿಶ್ವವಿದ್ಯಾಲಯಗಳಿಗೆ ಸೇರಲು ಅವಕಾಶ ಮಾಡಲಾಯಿತು. ಅಮೆರಿಕದಲ್ಲಿ 1969ರಲ್ಲಿ ಫಿಲಡೆಲ್ಫಿಯಾದಲ್ಲಿ ಆರಂಭವಾಗಿ ಬೇರೆಡೆಗೆ ಹರಡಿದ ಕೆರಿಯರ್ ಅಕಾಡೆಮಿಗಳು ಪ್ರೌಢಶಾಲೆಯೊಳಗಿನ ಒಂದು ಸಣ್ಣ ಶಾಲೆಯಂತಿದ್ದು, ಪಠ್ಯವನ್ನು ಒಂದು ವೃತ್ತಿಕ್ಷೇತ್ರದ ಸುತ್ತ ಜೋಡಿಸಿ ಸ್ಥಳೀಯ ಉದ್ಯೋಗದಾತರನ್ನು ಸೇರಿಸಿಕೊಳ್ಳುತ್ತವೆ. ಒಂಬತ್ತು ಶಾಲೆಗಳಲ್ಲಿ, ಚೀಟಿ ಎತ್ತಿ ಆಯ್ಕೆ ಮಾಡಿದ ವಿದ್ಯಾರ್ಥಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಸಂಶೋಧನೆಯ 2008ರ ವರದಿಯಲ್ಲಿ, ಶಾಲೆ ಮುಗಿದ ಎಂಟು ವರ್ಷಗಳವರೆಗೆ ಅಕಾಡೆಮಿಯವರ ವಾರ್ಷಿಕ ಗಳಿಕೆ ಇತರರಿಗಿಂತ ಸರಾಸರಿ ಶೇ. 11ರಷ್ಟು ಹೆಚ್ಚಿತ್ತೆಂದೂ, ಆ ಲಾಭ ಮುಖ್ಯವಾಗಿ ಯುವಕರಲ್ಲಿ ಕಂಡಿತೆಂದೂ, ಕಾಲೇಜು ಶಿಕ್ಷಣದಲ್ಲಿ ಅವರು ಹಿಂದೆ ಬೀಳಲಿಲ್ಲವೆಂದೂ ಇದೆ. ಕೆಲಸ ಕಲಿತರೆ ಓದು ಹಾಳಾಗುತ್ತದೆಂಬ ಪೋಷಕರ ಭಯಕ್ಕೆ ಇದಕ್ಕಿಂತ ನೇರವಾದ ಉತ್ತರ ನನ್ನ ಬಳಿ ಇಲ್ಲ. ಹುಡುಗಿಯರಿಗೆ ಅದೇ ಲಾಭ ಏಕೆ ಕಾಣಲಿಲ್ಲ ಎಂಬ ಪ್ರಶ್ನೆಯನ್ನು ಮಾತ್ರ ಯೋಜನೆ ಬರೆಯುವ ಪ್ರತಿಯೊಬ್ಬರೂ ತಮ್ಮ ಮೇಜಿನ ಮೇಲೆ ಇಟ್ಟುಕೊಳ್ಳಬೇಕು.

ಸುರಕ್ಷತೆಯ ಬಗ್ಗೆ ನಿಯಮಗಳಿಗೆ ಕೊರತೆಯಿಲ್ಲ. 1973ರ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 138ನೆಯ ಒಡಂಬಡಿಕೆಯು, 14 ವರ್ಷ ತುಂಬಿದವರು ಸಂಸ್ಥೆಗಳಲ್ಲಿ ಮಾಡುವ ಕೆಲಸವು ಶಿಕ್ಷಣ ಅಥವಾ ತರಬೇತಿಯ ಅವಿಭಾಜ್ಯ ಅಂಗವಾಗಿದ್ದು, ಅಧಿಕಾರಿಗಳು ವಿಧಿಸಿದ ಷರತ್ತುಗಳಂತೆ ನಡೆದರೆ, ಅದನ್ನು ಕನಿಷ್ಠ ವಯಸ್ಸಿನ ನಿಷೇಧದಿಂದ ಹೊರಗಿಡುತ್ತದೆ. ಅಂದರೆ ತರಬೇತಿಗೂ ಬಾಲ ದುಡಿಮೆಗೂ ನಡುವಿನ ಗೆರೆ ಕಲಿಕೆಯೇ. ಆ ಗೆರೆ ಅಳಿಸಿದಾಗ ಏನಾಗುತ್ತದೆಂಬುದನ್ನು ದಕ್ಷಿಣ ಕೊರಿಯಾ 2017ರಲ್ಲಿ ಕಂಡಿತು. ಜೇಜು ದ್ವೀಪದ ಕುಡಿಯುವ ನೀರಿನ ಕಾರ್ಖಾನೆಯೊಂದರಲ್ಲಿ ಕ್ಷೇತ್ರ ತರಬೇತಿಗೆಂದು ಹೋಗಿದ್ದ ವೃತ್ತಿ ಪ್ರೌಢಶಾಲೆಯ ವಿದ್ಯಾರ್ಥಿಯೊಬ್ಬ ಯಂತ್ರಕ್ಕೆ ಸಿಲುಕಿ ಪ್ರಾಣ ಕಳೆದುಕೊಂಡ. ಶಾಲೆ ಮುಗಿಯುವ ಮೊದಲೇ ನೌಕರರಂತೆ ದುಡಿಸುವ ಬಗೆಯ ತರಬೇತಿಯನ್ನು ನಿಲ್ಲಿಸುವುದಾಗಿ ಅಲ್ಲಿನ ಸರ್ಕಾರ ಪ್ರಕಟಿಸಿದ್ದು ಆ ಸಾವಿನ ನಂತರ. ಕಲಿಸುವವರು ಪಕ್ಕದಲ್ಲಿಲ್ಲದ ಹೊತ್ತಿನಲ್ಲಿ ವಿದ್ಯಾರ್ಥಿ ಯಂತ್ರದ ಬಳಿ ಇರಕೂಡದು ಎಂಬ ಒಂದೇ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಿದರೂ ಬಹಳಷ್ಟು ಅನಾಹುತಗಳು ತಪ್ಪುತ್ತವೆ. ಆದರೆ ಅದನ್ನು ಪಾಲಿಸಬೇಕಾದರೆ ಕಲಿಸುವವರೊಬ್ಬರು ಇರಬೇಕಲ್ಲವೇ? ಮತ್ತೆ ಆ ನಲವತ್ತು ನಿಮಿಷಗಳ ಪ್ರಶ್ನೆಗೇ ಬಂದು ನಿಲ್ಲುತ್ತೇವೆ.

ಗುರಿಗಳನ್ನು ಘೋಷಿಸುವುದರಿಂದ ಇದು ಬಗೆಹರಿಯುವುದಿಲ್ಲ. ಭಾರತದಲ್ಲಿ 1986ರ ರಾಷ್ಟ್ರೀಯ ಶಿಕ್ಷಣ ನೀತಿಯು ಹೈಯರ್ ಸೆಕೆಂಡರಿ ಹಂತದ ವಿದ್ಯಾರ್ಥಿಗಳಲ್ಲಿ ಶೇ. 10ರಷ್ಟು ಮಂದಿಯನ್ನು 1990ರೊಳಗೆ, ಶೇ. 25ರಷ್ಟು ಮಂದಿಯನ್ನು 1995ರೊಳಗೆ ವೃತ್ತಿ ಶಿಕ್ಷಣಕ್ಕೆ ತರುವುದಾಗಿ ಹೇಳಿತ್ತು. ಆ ಗುರಿ ಮುಟ್ಟಲಿಲ್ಲ. ಮೂರು ದಶಕಗಳ ಮೇಲೆ ಬಂದ 2020ರ ನೀತಿ, 19ರಿಂದ 24 ವರ್ಷದ ದುಡಿಯುವವರಲ್ಲಿ ಔಪಚಾರಿಕ ವೃತ್ತಿ ಶಿಕ್ಷಣ ಪಡೆದವರು ಶೇ. 5ಕ್ಕಿಂತ ಕಡಿಮೆಯೆಂಬ ಅಂದಾಜನ್ನು ಉಲ್ಲೇಖಿಸಿ, 2025ರೊಳಗೆ ಕನಿಷ್ಠ ಶೇ. 50ರಷ್ಟು ವಿದ್ಯಾರ್ಥಿಗಳಿಗೆ ವೃತ್ತಿ ಶಿಕ್ಷಣದ ಪರಿಚಯವಾಗಬೇಕೆಂದು ಇನ್ನೂ ದೊಡ್ಡ ಅಂಕಿಯನ್ನು ಬರೆಯಿತು. ಎಷ್ಟು ವಿದ್ಯಾರ್ಥಿಗಳು ಎಂಬ ಅಂಕಿಗಿಂತ ಮೊದಲು ಎಷ್ಟು ಕಲಿಸುವವರು ಎಂಬ ಅಂಕಿ ಬರಬೇಕು. ವೃತ್ತಿ ವಿಷಯದ ಶಿಕ್ಷಕರು ವರ್ಷ ವರ್ಷ ನವೀಕರಣಗೊಳ್ಳುವ ಗುತ್ತಿಗೆಯ ಮೇಲಿದ್ದು, ಜೂನ್‌ನಲ್ಲಿ ಬಂದವರು ಮಾರ್ಚ್‌ಗೆ ಇಲ್ಲವಾಗುವ ಶಾಲೆಯಲ್ಲಿ, ಸಂಸ್ಥೆಗಳೊಂದಿಗೆ ನಂಬಿಕೆಯ ನಂಟು ಬೆಳೆಯುವುದಾದರೂ ಹೇಗೆ? ಆ ಮೇಸ್ತ್ರಿ ನಮ್ಮ ವಿದ್ಯಾರ್ಥಿನಿಗೆ ಕಲಿಸಲು ಒಪ್ಪಿಕೊಂಡದ್ದು ನಾನು ಮೂರು ವರ್ಷ ಅವರ ಬಾಗಿಲಿಗೆ ಅಲೆದ ಮೇಲೆ.

ಹಣದ ವಿಷಯ ತೀರ್ಮಾನವಾಗಲು ಕಾಲ ಹಿಡಿಯುತ್ತದೆಂಬುದನ್ನು ಬಲ್ಲೆ. ಅದಕ್ಕೆ ಮೊದಲೇ, ಬರುವ ಶೈಕ್ಷಣಿಕ ವರ್ಷದಿಂದಲೇ, ಹೆಚ್ಚು ಖರ್ಚಿಲ್ಲದೆ ತಾವು ಮಾಡಬಹುದಾದ ಒಂದು ಬದಲಾವಣೆಯಿದೆ. ತರಬೇತಿ ಪ್ರಮಾಣಪತ್ರದ ನಮೂನೆಯಲ್ಲಿ ಎರಡು ಖಾಲಿ ಜಾಗಗಳನ್ನು ಸೇರಿಸಿ: ಕಲಿಸಿದವರ ಹೆಸರು, ಮತ್ತು ಯಾರ ಸಹಾಯವೂ ಇಲ್ಲದೆ ವಿದ್ಯಾರ್ಥಿ ಈಗ ಮಾಡಬಲ್ಲ ಕೆಲಸ. ಎರಡನೆಯದನ್ನು ವಿದ್ಯಾರ್ಥಿಯೇ ತನ್ನ ಕೈಬರಹದಲ್ಲಿ ತುಂಬಿ, ಮೊದಲನೆಯದರಲ್ಲಿ ಹೆಸರಿರುವವರು ಅದರ ಕೆಳಗೆ ಸಹಿ ಮಾಡಲಿ. ಆ ಎರಡು ಜಾಗಗಳು ಖಾಲಿಯಿರುವ ಪತ್ರಕ್ಕೆ ಸಹಿ ಹಾಕದಿರುವ ಅಧಿಕಾರವನ್ನು ಮುಖ್ಯೋಪಾಧ್ಯಾಯರಿಗೂ ಶಿಕ್ಷಕರಿಗೂ ಕೊಡಿ, ಮತ್ತು ಹಾಗೆ ಸಹಿ ನಿಂತಾಗ ವಿದ್ಯಾರ್ಥಿಯ ಅಂಕಗಳು ನಿಲ್ಲದೆ ತರಬೇತಿಯ ಸ್ಥಳವನ್ನು ಬದಲಾಯಿಸಿ ಮತ್ತೆ ಕಳುಹಿಸುವ ವ್ಯವಸ್ಥೆಯನ್ನೂ ಆದೇಶದಲ್ಲಿ ಸೇರಿಸಿ. ಆ ಆರು ಹುಡುಗರ ವರ್ಷದಲ್ಲಿ ನನಗೆ ಬೇಕಾಗಿದ್ದುದು ಇಷ್ಟೇ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪ್ರೌಢಶಾಲಾ ಶಿಕ್ಷಕ